ಏರಿನಲ್ಲಿ ಮಾತ್ರ ಬೀಳುವ ಚೈನು

ಶ್ರೀರಂಗಪಟ್ಟಣದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಬಾಗಿಲು ಅರ್ಧ ಮೇಲೆತ್ತಿದ ಸೈಕಲ್ ಅಂಗಡಿಯೊಳಗೆ, ಸೂರಿನ ಕೊಕ್ಕೆಗೆ ತೂಗುಹಾಕಿದ ಗೇರ್ ಸೈಕಲ್ಲಿನ ಪೆಡಲನ್ನು ಶಬ್ರೀನ್ ಕೈಯಲ್ಲಿ ತಿರುಗಿಸುತ್ತಿದ್ದಾಳೆ. ಎದುರಿಗೆ ಮರದ ಪೆಟ್ಟಿಗೆಯ ಮೇಲೆ ಅವಳಪ್ಪ ವಜೀರ್ ಪಾಷಾ ಬಲಗಾಲು ನೀಡಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾರೆ. ಅವರು ಕೇಳುತ್ತಿರುವುದು ಚೈನಿನ ಸದ್ದನ್ನು. ಪೆಡಲಿನ ಬಳಿಯ ಚಿಕ್ಕ ಚಕ್ರದಿಂದ ದೊಡ್ಡದಕ್ಕೆ ಚೈನು ಏರುವಾಗ ಒಂದೇ ಒಂದು 'ಟಕ್' ಬರಬೇಕು. ಉಜ್ಜುವ ಸದ್ದು ಬರಬಾರದು. 'ಟಕ್' ಬರುತ್ತದೆ, ಉಜ್ಜುವುದು ಕೇಳುವುದಿಲ್ಲ. ಆದರೂ ಪಾಷಾ ಮುಖ ಸಡಿಲವಾಗುವುದಿಲ್ಲ.

ಹೋದ ಸಲವೂ ಇದೇ ಸೈಕಲ್ಲು ಇದೇ ಕೊಕ್ಕೆಯಲ್ಲಿ ಹೀಗೇ ಚೆನ್ನಾಗಿ ತಿರುಗಿತ್ತು. ಅದು ನಾಗಮಂಗಲದ ಕಡೆಯ ಅಕ್ಷಿತಾಳದು. ಕಾಲೇಜು ಓದುವ ಹುಡುಗಿ. ಯಾರೋ ಓಡಿಸಿ ಬಿಟ್ಟ ರೇಸ್ ಸೈಕಲ್ಲನ್ನು ಅವಳ ತಾತ ಶಿವಲಿಂಗಯ್ಯ ಕೊಡಿಸಿದ್ದರು. ಏರಿನಲ್ಲಿ ಮುಂದಿನ ಗೇರ್, ಅಂದರೆ ಪೆಡಲಿನ ಬಳಿಯದು, ಬದಲಿಸಿದರೆ ಚೈನು ಕಳಚಿ ಬೀಳುತ್ತದೆ ಎಂಬುದು ಅವಳ ದೂರು. ಪಾಷಾ ನೋಡಿ, ಸ್ಕ್ರೂ ಸರಿಪಡಿಸಿ, ಹೊಸ ವೈರ್ ಹಾಕಿಸಿ, ಸರಿಯಾಯಿತು ತಗೊಂಡು ಹೋಗು ಎಂದಿದ್ದರು. ಅದಾದ ಭಾನುವಾರ ಜಿಲ್ಲಾ ತಂಡದ ಆಯ್ಕೆಯ ರೇಸಿನಲ್ಲಿ, ಮುಂದಿನ ಗುಂಪಿಗೆ ಅಂಟಿಕೊಂಡು ಏರು ಹತ್ತುತ್ತಿದ್ದ ಅಕ್ಷಿತಾಳ ಚೈನು ಬಿತ್ತು. ಅವಳು ಕೂತು ಅದನ್ನು ಏರಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ದಾಟಿ ಹೋಗಿದ್ದರು. ನಿನ್ನೆ ಸಂಜೆ ತಾತ, ಮೊಮ್ಮಗಳು ಸೈಕಲ್ಲು ಬಿಟ್ಟುಹೋಗಿದ್ದಾರೆ. ಈ ಸಲ ರಿಪೇರಿಗಲ್ಲ. ಮುಂದಿನ ಗೇರನ್ನೇ ಕಿತ್ತುಹಾಕಿ ಎಂದು ಹೇಳಿದ್ದಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಒಯ್ಯುತ್ತಾರೆ. ಕೀಳುವುದಕ್ಕೆ ಎಷ್ಟು ಹೊತ್ತು ಬೇಕು? ಪಾಷಾಗೆ ಕೈ ಬರುತ್ತಿಲ್ಲ.

ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಗೇರ್ ಸೈಕಲ್ಲುಗಳು ಬಂದ ಹೊಸದರಲ್ಲಿ ಮುಂದಿನ ಗೇರಿಗೆ ಎಲ್ಲ ಅಂಗಡಿಗಳಲ್ಲೂ ಇದ್ದದ್ದು ಒಂದೇ ಮದ್ದು. ಅದಕ್ಕೆ 'ಲಾಕ್ ಮಾಡೋದು' ಎಂದೇ ಹೆಸರು. ಚೈನನ್ನು ಒಂದು ಚಕ್ರದ ಮೇಲೆ ಕೂರಿಸಿ, ವೈರ್ ಕತ್ತರಿಸಿ, ಸ್ಕ್ರೂ ಬಿಗಿದುಬಿಡುವುದು. ಇವತ್ತಿಗೂ ಸಂತೆಗೆ ಬರುವ ಎಷ್ಟೋ ಸೈಕಲ್ಲುಗಳ ಹ್ಯಾಂಡಲಿನಲ್ಲಿ ಎಡಗಡೆಯ ಗೇರ್ ಕಡ್ಡಿ ಸುಮ್ಮನೆ ಆಡುತ್ತಿರುತ್ತದೆ. ಅದರ ಆಚೆ ತುದಿಯಲ್ಲಿ ಏನೂ ಇಲ್ಲ. ಬಾಡಿಗೆ ಸೈಕಲ್ ಅಂಗಡಿಯವರ ಮಗನಾದ ಪಾಷಾ ಗುಜರಿಯಿಂದ ಒಂದು ಗೇರನ್ನು ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಅದರ ಹದ ಕಂಡುಕೊಂಡರು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹೊಸಹೊಳಲಿನಿಂದ ಹಾಲಿನ ವ್ಯಾನಿನಲ್ಲಿ, ನಾಗಮಂಗಲದಿಂದ ಗೂಡ್ಸ್ ಆಟೋದಲ್ಲಿ ಸೈಕಲ್ಲುಗಳು ಬಂದಿಳಿಯತೊಡಗಿದವು.

ಅವರ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು, ತಂದೆಯಿಂದ ಬಂದದ್ದು: ಸರಿ ಮಾಡಿದವನೇ ತುಳಿದು ನೋಡಬೇಕು. ಯಾವ ಸೈಕಲ್ಲಾದರೂ ಊರ ಪಕ್ಕದ ಕರೀಘಟ್ಟದ ಏರು ಹತ್ತಿ ಇಳಿಯದೆ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ. "ಕೊಕ್ಕೆ ಮೇಲೆ ಎಲ್ಲಾ ಗೇರೂ ಬೀಳ್ತದೆ ಕಣಮ್ಮ. ಮೈಭಾರ ಬಿದ್ಮೇಲೆ ತಾನೆ ಅದರ ಬಣ್ಣ ಗೊತ್ತಾಗೋದು?" ಎನ್ನುತ್ತಾರೆ. ಶಬ್ರೀನ್ ಕೆಲಸಕ್ಕೆ ಕೈಹಾಕಿ ಬಹಳ ಕಾಲವಾಯಿತು. ಸ್ಕ್ರೂ ಎಷ್ಟು ತಿರುವಬೇಕು, ವೈರ್ ಎಷ್ಟು ಎಳೆಯಬೇಕು ಎಲ್ಲವನ್ನೂ ಪಾಷಾ ಕಲಿಸಿದ್ದಾರೆ. ಆದರೆ ಅವಳು ಮುಗಿಸುತ್ತಿದ್ದಂತೆ ಹ್ಯಾಂಡಲ್ಲಿಗೆ ಕೈಹಾಕಿ ತಾವೇ ಹೊರಟುಬಿಡುತ್ತಿದ್ದರು. ಮಗಳೇನು ಸೈಕಲ್ ತುಳಿಯದವಳಲ್ಲ. ಮನೆಯಿಂದ ಅಂಗಡಿಗೆ ಅದರಲ್ಲೇ ಬರುತ್ತಾಳೆ. ಮನೆಗೆ ಹೋಗೋಕೆ ತುಳಿಯೋದು ಬೇರೆ, ಕೇಳಿಕೊಂಡು ತುಳಿಯೋದು ಬೇರೆ ಎಂಬುದು ಪಾಷಾ ವಾದ.

ಆಮೇಲೆ ಮಂಡಿ ಕೈಕೊಟ್ಟಿತು. ಪೆಡಲ್ ಮುಟ್ಟಕೂಡದೆಂದು ಡಾಕ್ಟರು ಹೇಳಿದರು. ಕಟ್ಟಳೆಯನ್ನು ಮಗಳಿಗೆ ಬಿಟ್ಟುಕೊಡುವ ಬದಲು ಪಾಷಾ ಕಣ್ಣು ಮುಚ್ಚಿ ಕೊಕ್ಕೆಯ ಸದ್ದು ಕೇಳುವುದನ್ನು ಅಭ್ಯಾಸ ಮಾಡಿಕೊಂಡರು. ಅಕ್ಷಿತಾಳ ಸೈಕಲ್ಲು ಮೊದಲ ಸಲ ಬಂದಾಗ, ಒಂದು ಸುತ್ತು ಹೋಗಿಬರಲೇ ಎಂದು ಶಬ್ರೀನ್ ಕೇಳಿದ್ದಳು. ಬೇಡ, ಸರಿಯಾಗಿದೆ ಎಂದದ್ದು ಅವರೇ.

ಈಗ ಕಣ್ಣು ತೆರೆಯುತ್ತಾರೆ. "ಇಳಿಸು. ಕರೀಘಟ್ಟಕ್ಕೆ ನೀನೇ ಹೋಗ್ಬಾ."

ಶಬ್ರೀನ್ ಸೈಕಲ್ಲು ಇಳಿಸಿಕೊಂಡು ಹೋಗುತ್ತಾಳೆ. ಬೆಳಕು ಹರಿಯುವಷ್ಟರಲ್ಲಿ ವಾಪಸ್ಸು ಬರುತ್ತಾಳೆ, ಎರಡು ಕೈಯೂ ಕರಿ. ಚೈನು ಬಿದ್ದಿದೆ. ಪಾಷಾ ಮುಂದಕ್ಕೆ ಬಾಗುತ್ತಾರೆ. ಅದು ಬೀಳುವಾಗ ಪೆಡಲಿನ ಮೇಲೆ ಯಾವ ಕಾಲು ಕೆಳಗಿತ್ತು?

ಅವಳಿಗೆ ಗೊತ್ತಿಲ್ಲ.

"ಅದನ್ನ ನೋಡ್ಬೇಕಲ್ಲವ್ವಾ."

"ನೋಡ್ಬೇಕು ಅಂತ ನಂಗ್ಯಾವತ್ತು ಏಳಿದ್ರಿ ಅಬ್ಬಾ?" ಶಬ್ರೀನ್ ಹಳೇ ಬಟ್ಟೆಗೆ ಕೈ ಒರೆಸುತ್ತಾಳೆ. "ಬಿರಿಯಾನಿ ಮಾಡೋದೆಲ್ಲ ಏಳ್ಕೊಟ್ರಿ. ಉಪ್ಪು ನೋಡೋಕೆ ಮಾತ್ರ ಒಂದಿನಾನೂ ಸೌಟು ಕೊಡ್ಲಿಲ್ಲ."

ಪಾಷಾ ಮಂಡಿ ನೀವಿಕೊಳ್ಳುತ್ತಾರೆ. ಮನೆಯಲ್ಲಿ ಇಬ್ಬರದೂ ಉರ್ದು, ಸೈಕಲ್ಲಿನ ವಿಷಯ ಬಂದರೆ ಕನ್ನಡ. ಈಗ ಅವರು ಮೆಲ್ಲಗೆ ಉರ್ದುವಿನಲ್ಲಿ, ಇನ್ನೊಂದು ಸಲ ಹೋಗಿಬಾ ಬೇಟಾ ಎನ್ನುತ್ತಾರೆ. ಚೈನನ್ನು ನೋಡಬೇಡ, ಪಾದದಲ್ಲಿ ಏನಾಗುತ್ತದೆ ಅದನ್ನು ನೋಡು ಎಂದೂ ಹೇಳುತ್ತಾರೆ.

ಎರಡನೆಯ ಸಲ ಅವಳು ಬಂದು ನಿಲ್ಲುವ ಮೊದಲೇ ಹೇಳುತ್ತಾಳೆ: ಬಲಗಾಲು. ಎದ್ದುನಿಂತು ತುಳಿದರೆ ದೊಡ್ಡ ಚಕ್ರವೇ ಒಳಕ್ಕೆ ಬಾಗುತ್ತದೆ, ಕೂತು ತುಳಿದರೆ ಇಲ್ಲ. ಬಿಚ್ಚಿ ನೋಡಿದರೆ, ಆ ಚಕ್ರವನ್ನು ಹಿಡಿದಿರುವ ಬೋಲ್ಟುಗಳಲ್ಲಿ ಒಂದರ ಥ್ರೆಡ್ ಸವೆದುಹೋಗಿದೆ. ಕೈಯಲ್ಲಿ ಅಲ್ಲಾಡಿಸಿದರೆ ಅದು ಗಟ್ಟಿಯಾಗಿಯೇ ಇರುತ್ತದೆ. ಏರಿನಲ್ಲಿ ಇಡೀ ಮೈ ಭಾರ ಬಿದ್ದಾಗ ಮಾತ್ರ ಸೋಲುತ್ತದೆ. ಗೇರಿನದು ತಪ್ಪೇ ಇಲ್ಲ. ಪಾಷಾ ಆ ಬೋಲ್ಟನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅಷ್ಟರಲ್ಲಿ ಶಬ್ರೀನ್ ಹಳೆಯ ಡಬ್ಬಿಯಲ್ಲಿ ತಡಕಿ ಅದೇ ಅಳತೆಯದೊಂದನ್ನು ಹಾಕಿ, ಕೇಳದೆಯೇ ಮೂರನೆಯ ಸಲ ಏರಿಗೆ ಹೋಗಿಬರುತ್ತಾಳೆ. ಚೈನು ಬೀಳುವುದಿಲ್ಲ.

ಬಸ್ಸಿಳಿದು ಬಂದ ಅಕ್ಷಿತಾ ಮೊದಲು ನೋಡುವುದು ಗೇರನ್ನೇ. ಇನ್ನೂ ಇದೆ. ಅವಳ ಮುಖ ಗಂಟಾಗುತ್ತದೆ. ಪಾಷಾ ಬೋಲ್ಟ್ ತೋರಿಸಿ, ನಡೆದದ್ದೆಲ್ಲ ಹೇಳುತ್ತಾರೆ. ಮೊದಲ ಸಲ ಏರು ಹತ್ತಿಸದೆಯೇ ಕೊಟ್ಟದ್ದನ್ನೂ ಬಿಡುವುದಿಲ್ಲ. ಇಷ್ಟರ ಮೇಲೂ ತೆಗಿ ಅಂದರೆ ಈಗಲೇ ತೆಗೆಯುತ್ತೇನೆ ಎನ್ನುತ್ತಾರೆ.

ಶಿವಲಿಂಗಯ್ಯ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಇಷ್ಟೇಯಾ ಸಾಬ್ರೆ? ಓದ್ವಾರ ಇದ್ನ ನೋಡ್ಬುಟ್ಟಿದ್ರೆ ಮಗ ಗೆಲ್ತಿತ್ತೋ ಸೋಲ್ತಿತ್ತೋ, ಅದು ಬ್ಯಾರೆ ಮಾತು. ರೋಡ್ನಾಗೆ ಕೂತ್ಕಂಡು ಅಳ್ತಿರ್ನಿಲ್ಲ."

"ಸುಮ್ಕಿರು ತಾತ," ಎನ್ನುತ್ತಾಳೆ ಅಕ್ಷಿತಾ.

ಪಾಷಾ ತಲೆ ತಗ್ಗಿಸುತ್ತಾರೆ. ಇನ್ನು ರೇಸ್ ಯಾವಾಗ ಎಂದು ಶಬ್ರೀನ್ ವಿಚಾರಿಸುತ್ತಾಳೆ. ಬರುವ ವರ್ಷವಂತೆ. ಅದಕ್ಕೆ ಇಳಿಯುತ್ತೀಯಾ ಎಂದರೆ ಅಕ್ಷಿತಾ, ನೋಡೋಣ ಅಕ್ಕ ಎಂದಷ್ಟೇ ಹೇಳಿ, ಸೀಟಿನ ಮೇಲಿನ ಧೂಳು ಒರೆಸುತ್ತಾಳೆ. ಗೇರು ಇರಲಿ, ಕೀಳುವುದು ಬೇಡ ಎನ್ನುತ್ತಾಳೆ. ಹೋಗುವಾಗ ಅವಳು ಅದನ್ನು ತುಳಿಯುವುದಿಲ್ಲ. ತಾತನ ಜೊತೆ ತಳ್ಳಿಕೊಂಡೇ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾಳೆ.

ಅಂದಿನಿಂದ ಅಂಗಡಿಯಲ್ಲಿ ಏರು ಹತ್ತಿಸಿ ನೋಡುವ ಕೊನೆಯ ಸುತ್ತು ಶಬ್ರೀನ್‌ದು. ಪಾಂಡವಪುರದ ಗಿರಾಕಿಯೊಬ್ಬ, ಸಾಬ್ರೇ ನೀವೇ ಒಂದು ಮಾತು ಸರಿ ಅನ್ನಿ ಎಂದು ನಿಂತಾಗ ಪಾಷಾ ಮಗಳ ಕಡೆ ಕೈ ತೋರಿಸುತ್ತಾರೆ. ಸ್ವಲ್ಪ ಮುಂಚೆಯೇ ಹೀಗೆ ತೋರಿಸಬಹುದಿತ್ತು ಎಂದು ಯಾರೂ ಅನ್ನುವುದಿಲ್ಲ, ಅವರೇ ಅಂದುಕೊಳ್ಳುತ್ತಾರೆ. ನಾಗಮಂಗಲದ ಬಸ್ಸು ಬರುವ ಹೊತ್ತಿಗೆ ಪೆಟ್ಟಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡು ಕೂರುವುದು ಅವರ ಹೊಸ ರೂಢಿ.

"ಸರ್ಯಾದ ಸೈಕಲ್ಲೂ ನಮ್ತಾವ ವಾಪಸ್ ಬರಲ್ಲ, ತುಳಿಯೋದ್ ಬುಟ್ಟ ಸೈಕಲ್ಲೂ ಬರಲ್ಲ," ಎನ್ನುತ್ತಾರೆ. "ಆ ಮಗೀದು ಯಾವ್ದು ಅಂತ ನಂಗೆಂಗ್ ಗೊತ್ತಾಗ್ಬೇಕು? ಬರೀ ಗಾಳಿ ಒಡ್ಸೋಕಾದ್ರೂ ಒಂದ್ಸಲಿ ಬಂದೋಗ್ಲಿ."