ತೊಟ್ಟಿಮನೆಯಿಂದ ಬಂದ ನೀರು

ಮಂಡ್ಯದ ಹತ್ತಿರ, ಹೊಳಲಿನ ಪಕ್ಕದ ಹಳ್ಳಿ ನಮ್ಮದು. ನಮ್ಮ ಹಿತ್ತಲ ಗೋಡೆಯ ಆಚೆಗೇ ದೊಡ್ಡ ತೊಟ್ಟಿಮನೆ. ಅದರ ಒಂದೊಂದು ಕಂಬವೂ ಒಬ್ಬರ ತೋಳಿಗೆ ಸಿಗುತ್ತಿರಲಿಲ್ಲ. ಹಿಂದೆ ಆ ಮನೆಯ ಸೊಸೆಗೆ ಬಾಣಂತನದಲ್ಲಿ ಜ್ವರ ಬಂತಂತೆ. ನೀರು ಕುಡಿದರೆ ಸನ್ನಿ ಏರುತ್ತದೆ ಅಂತ ಕೋಣೆಗೆ ಚಿಲಕ ಹಾಕಿದರಂತೆ. ನೀರು, ನೀರು ಅನ್ನುತ್ತಲೇ ಸತ್ತಳು. ಆಮೇಲೆ ಮನೆಯವರು ಒಬ್ಬೊಬ್ಬರಾಗಿ ಊರು ಬಿಟ್ಟರು.

ಅಂದಿನಿಂದ ಊರಲ್ಲಿ ಯಾರಿಗೆ ಚಳಿಜ್ವರ ಬಂದರೂ ಅವಳೇ ಮೈಮೇಲೆ ಬಂದಳು ಅನ್ನೋರು. ನಡುಗುವವರು ನೀರು ಕೇಳಿದರೆ ಕೊಡಬಾರದು. ಕೇಳುವುದು ಅವಳು, ಕುಡಿದಳೋ ಅಲ್ಲೇ ನೆಲೆ ನಿಲ್ಲುತ್ತಾಳೆ. ನಾಲೆ ಬಂತು, ಗದ್ದೆ ಹೆಚ್ಚಾಯಿತು, ಸೊಳ್ಳೆ ಹೆಚ್ಚಾಯಿತು, ಅವಳು ಬರುವುದೂ ಹೆಚ್ಚಾಯಿತು. ಒಂದಕ್ಕೊಂದು ಸೇರಿಸಿ ನೋಡುವ ಬುದ್ಧಿ ನಮಗಿರಲಿಲ್ಲ.

ಯುದ್ಧದ ಕಾಲದಲ್ಲಿ ಒಂದು ಸಾಬರ ಸಂಸಾರ ಆ ಮನೆಗೆ ಬಂತು. ಪೆಟ್ರೋಲ್ ಸಿಗದೆ ಆಗ ಇದ್ದಿಲಿನಲ್ಲೇ ಬಸ್ಸು ಓಡಿಸುತ್ತಿದ್ದರು; ಗಂಡ ಮಂಡ್ಯದಲ್ಲಿ ಆ ಬಸ್ಸು ರಿಪೇರಿ ಮಾಡುತ್ತಿದ್ದ. ದೆವ್ವದ ಮನೆಯಾದ್ದರಿಂದ ಬಾಡಿಗೆ ಕೇಳುವವರೂ ಇರಲಿಲ್ಲ. ಹೆಂಡತಿಯನ್ನು ನಮ್ಮವ್ವ, ಅಲ್ಲಿ ಹೆಂಗವ್ವ ನಿದ್ದೆ ಬತ್ತದೆ, ಅಂತ ಕೇಳಿದ್ದಳು. ನಮ್ಮ ಯಜಮಾನರ ಗೊರಕೆಗೆ ಯಾವ ದೆವ್ವ ನಿಲ್ತದೆ ಅಂದಿದ್ದಳಂತೆ ಆಕೆ.

ನಾಟಿಯ ದಿನ. ಏಳು ವರ್ಷದ ತಮ್ಮನಿಗೆ ಮಧ್ಯಾಹ್ನಕ್ಕೆ ಸರಿಯಾಗಿ ನಡುಕ ಬಂತು. ಮೊನ್ನೆಯೂ ಅದೇ ಹೊತ್ತಿಗೆ ಬಂದಿತ್ತು. ಅವ್ವ ಗದ್ದೆಗೆ ಹೋಗುವಾಗ, ನೀರು ಮಾತ್ರ ಕೊಡಬೇಡ ಅಂದಿದ್ದಳು. ನನಗೆ ಹನ್ನೊಂದು. ನಡುಕ ಹೋಗಿ ಮೈ ಸುಡತೊಡಗಿತು.

"ಅಕ್ಕ, ನೀರು ಕೊಡೆ."

ನಾನು ಕೊಡಲಿಲ್ಲ. ಅವ್ವನ ಮಾತಿಗಿಂತ ನನ್ನ ಭಯ ದೊಡ್ಡದಿತ್ತು. ಅವನು ನೀರಿನ ಗಡಿಗೆಯ ಕಡೆ ತೆವಳಿದಾಗ ಅದನ್ನೂ ಎತ್ತಿಕೊಂಡು ಹೊರಗೆ ಬಂದು ಬಾಗಿಲಿಗೆ ಚಿಲಕ ಹಾಕಿದೆ. ಅವನು ಕೂಗಿದ, ಬರಬರುತ್ತ ಕೂಗು ಸಣ್ಣಗಾಯಿತು. ನಾನು ಕಿವಿ ಮುಚ್ಚಿ ಕೂತೆ.

ಆ ಕೂಗು ಕೇಳಿ ಸಾಬರ ಹೆಂಗಸು ಚೊಂಬು ಹಿಡಿದು ಹಿತ್ತಲ ಗೋಡೆ ಹತ್ತಿ ಇಳಿದಳು. ಕೊಡಬ್ಯಾಡಿ, ಕೇಳ್ತಿರೋಳು ಅವಳು ಅಂತ ನಾನು ಅಡ್ಡ ನಿಂತೆ.

"ಅವಳಾದ್ರೂ ಬಾಯಾರಿ ಸತ್ತೋಳು ತಾನೇ? ಅವಳಿಗೂ ಕೊಡ್ಬೇಕು ಕಣಮ್ಮ," ಅಂದಳು.

ಚಿಲಕ ತೆಗೆದಳು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಹೋಗುವಾಗ ನನ್ನ ಗಲ್ಲ ಹಿಡಿದು, "ನಮ್ಮನೆ ನೀರು ಅಂದ್ರೆ ನಿಂಗೆ ಏಟು ಬೀಳ್ತದೆ. ನೀನೇ ಕೊಟ್ಟೆ ಅನ್ನು," ಅಂದಳು. ಸಂಜೆ ಅವ್ವನಿಗೆ ಹಾಗೇ ಅಂದೆ; ಬೈಗುಳ ಬಿತ್ತು, ಏಟು ಬೀಳಲಿಲ್ಲ.

ಮಾರನೆಯ ದಿನ ಅವಳ ಗಂಡ ಅಪ್ಪನನ್ನೂ ತಮ್ಮನನ್ನೂ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಗುಳಿಗೆಗೆ ಜ್ವರ ನಿಂತಿತು. ಮಗುವಿಗೆ ನೀರು ಕೊಟ್ಟಿದ್ದು ಒಳ್ಳೆಯದಾಯಿತು ಅಂತ ಡಾಕ್ಟರು ಹೇಳಿದರಂತೆ. ಅಪ್ಪ ನನ್ನ ತಲೆ ಸವರಿದ.

ಯುದ್ಧ ಮುಗಿದ ಮೇಲೆ ಅವರು ಊರು ಬಿಟ್ಟರು. ತೊಟ್ಟಿಮನೆಯೂ ಬಿತ್ತು. ತಮ್ಮನಿಗೆ ಅಂದಿನ ಜ್ವರದ್ದು ಏನೂ ನೆನಪಿಲ್ಲ. ಅಕ್ಕ ನೀರು ಕೊಟ್ಟು ಉಳಿಸಿದಳು ಅಂತ ಮೊಮ್ಮಕ್ಕಳಿಗೂ ಹೇಳುತ್ತಾನೆ, ಹಬ್ಬಕ್ಕೆ ಸೀರೆ ತರುತ್ತಾನೆ. ಅಷ್ಟೂ ಸೀರೆ ಉಟ್ಟಿದ್ದೇನೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬಂದಷ್ಟು ಬರೆದಿದ್ದೇನೆ. ಅವಳು ಏಟು ತಪ್ಪಿಸಲು ಕೊಟ್ಟ ಸುಳ್ಳನ್ನು ಜನ್ಮವೆಲ್ಲ ಇಟ್ಟುಕೊಂಡೆ. ತಮ್ಮಾ, ಚಿಲಕ ಹಾಕಿದವಳು ನಾನು. ಇನ್ನು ಮೇಲೆ ಮಕ್ಕಳಿಗೆ ಹೇಳುವಾಗ ಗೋಡೆ ಹತ್ತಿ ಬಂದವಳ ಕತೆ ಹೇಳು. ನೀನು ಇವತ್ತಿಗೂ ಇದ್ದೀಯ; ಅದು ಅವಳ ಪುಣ್ಯ.