ಎತ್ತು ಬೆದರದಂಥ ದನಿ

ತಿರಕಪ್ಪನನ್ನು ನಾನು ಮೊದಲ ಸಲ ನೋಡಿದ್ದು ಜಗಳಕ್ಕೆ ಹೋದಾಗ. ಜಗಳವೇನೋ ನನ್ನ ಗಂಡನ ಮೇಲಿನದು. ಆದರೆ ಸಿಟ್ಟು ನೆತ್ತಿಗೇರಿದಾಗ ಎದುರಿಗೆ ಸಿಕ್ಕವರನ್ನು ಬಿಡುವ ಅಭ್ಯಾಸ ನನಗಿಲ್ಲ. ಹಾವೇರಿಯ ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಸಿಕ್ಸ್ ಕಲಿಸುತ್ತಿದ್ದೇನೆ. ಹಿಂದಿನ ಬೆಂಚಿನವರು ನನಗಿಟ್ಟ ಹೆಸರು ಖಾರದಪುಡಿ. ಗಂಡ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯಾದ್ದರಿಂದ ಆ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು.

ಆ ಗಂಡ, ವಿರೂಪಾಕ್ಷ ಎಂಬ ಮಹಾನುಭಾವರು, ಐವತ್ತೊಂದನೇ ವಯಸ್ಸಿಗೆ ಕೆಂಪು ಬಣ್ಣದ, ಎರಡೇ ಬಾಗಿಲಿನ ಟರ್ಬೊ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ತಂದ ಮೇಲೆ ಇದರ ದನಿ ಸಪ್ಪಗದ ಎಂದು ಕೊರಗತೊಡಗಿದರು. ಹುಬ್ಬಳ್ಳಿಗೆ ಹೋಗಿ ಅಗಲವಾದ ಸೈಲೆನ್ಸರ್ ಹಾಕಿಸಿದರು. ಕಾರಿನ ಕಂಪ್ಯೂಟರಿನಲ್ಲಿ ಏನೋ ಬದಲಾಯಿಸಿ, ಎಕ್ಸಲರೇಟರ್ ಮೇಲಿನ ಕಾಲು ತೆಗೆದಾಗಲೆಲ್ಲ ಢಂ ಢಂ ಎಂದು ಪಟಾಕಿ ಹೊಡೆಯುವಂತೆ ಮಾಡಿಸಿಕೊಂಡು ಬಂದರು. ಹೊರಗೆ ಪಟಾಕಿ, ಒಳಗೆ ಕೂತರೆ ಎಂಬತ್ತರ ವೇಗದಲ್ಲಿ ಗುಂಯ್ ಎಂದು ಒಂದೇ ಸಮನೆ ಕೊರೆತ. ಒಂದು ದಿನ ಬ್ಯಾಡಗಿಗೆ ಹೊರಟವಳು ಮೋಟೆಬೆನ್ನೂರಿನಲ್ಲೇ ಇಳಿದು ಬಸ್ಸು ಹತ್ತಿದೆ.

"ಇದರ ಸದ್ದು ಇಳಸ್ರಿ. ಇಲ್ಲಾಂದ್ರ ನಾ ನಿಮ್ಮ ಕೂಡ ಇನ್ನ ಒಂದು ಮದವಿಗೂ ಬರಂಗಿಲ್ಲ," ಎಂದು ಹೇಳಿಬಿಟ್ಟೆ.

ಬ್ಯಾಡಗಿಯ ಲಾರಿ ಮೆಕ್ಯಾನಿಕ್ ಸಮೀವುಲ್ಲಾ ದಾರಿ ತೋರಿಸಿದರು. "ರಾಣೆಬೆನ್ನೂರಾಗ ತಿರಕಪ್ಪ ಅಂತ ಅದಾನ್ರಿ. ಕೊಳವಿ ಕೂಡ ಮಾತಾಡ್ತಾನ. ಆದ್ರ ಆರು ವರ್ಷ ಆತು, ಟ್ರ್ಯಾಕ್ಟರ್ ಬಿಟ್ಟು ಬ್ಯಾರೆ ಗಾಡಿ ಮುಟ್ಟಂಗಿಲ್ಲ. ನೀವ ಹೋಗಿ ಕೇಳ್ರಿ ಅಕ್ಕಾರ. ನಿಮಗ ಇಲ್ಲ ಅನ್ನಾಕ ಯಾರಿಗಾದ್ರೂ ಧೈರ್ಯ ಬೇಕು."

ಮೇಡ್ಲೇರಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಒಣಕಲು ಮೈಯ ಮನುಷ್ಯನೊಬ್ಬ ಟ್ರ್ಯಾಕ್ಟರಿನ ಸೈಲೆನ್ಸರಿಗೆ ವೆಲ್ಡಿಂಗ್ ಮಾಡುತ್ತಿದ್ದ. ಅವನು ಎಂದೇ ಬರೆಯುತ್ತೇನೆ. ನನ್ನ ತಮ್ಮನ ವಯಸ್ಸಿನವನು, ಬರೆದರೆ ಬೇಜಾರು ಮಾಡಿಕೊಳ್ಳುವವನಲ್ಲ. ಹುಬ್ಬು ಅರ್ಧ ಸುಟ್ಟಿದ್ದವು. ಕಾರನ್ನು ಕಂಡದ್ದೇ ತಲೆ ಅಲ್ಲಾಡಿಸಿದ.

"ಆಗಂಗಿಲ್ರಿ. ಸದ್ದು ಏರಸೂ ಕೆಲಸ ಬಿಟ್ಟೇನಿ."

"ಏರಸು ಅಂತ ಯಾವ ಪುಣ್ಯಾತ್ಮ ಬಂದಾನ ಇಲ್ಲೆ? ಇಳಸು ಅಂತ ಬಂದೇನಿ! ಇದರೊಳಗ ಕೂತು ನನ್ನ ತಲಿ ಒಡದು ಹೋಳಾಗೇದ. ನೀವೂ, ನಿಮ್ಮ ಗಂಡಸರ ಹುಚ್ಚೂ!"

ನಮ್ಮವರು ಕಾರಿನ ಆಚೆ ಬದಿಗೆ ಸರಿದು ನಿಂತರು. ತಿರಕಪ್ಪ ವೆಲ್ಡಿಂಗ್ ನಿಲ್ಲಿಸಿ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ. ನಗುತ್ತಾನೋ ಅಳುತ್ತಾನೋ ತಿಳಿಯಲಿಲ್ಲ.

"ಇಪ್ಪತ್ತು ವರ್ಷದಾಗ ಇಳಸ್ರಿ ಅಂತ ಬಂದವ್ರು ನೀವ ಮೊದಲ್ನೇದವ್ರು, ಅಕ್ಕಾರ. ಕುಂದ್ರಿ."

ಕುಳಿತೆ. ಅವನು ಹೇಳಿದ. ಅವನ ಊರು ಮೇಡ್ಲೇರಿ. ತಂದೆ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಣ್ಣ ಮೈಲಾರೆಪ್ಪ, ಈಗಲೂ ಅಲ್ಲೇ ಎತ್ತು ಕಟ್ಟಿ ಹೊಲ ಮಾಡುವವರು. ತಿರಕಪ್ಪ ವೆಲ್ಡಿಂಗ್ ಕಲಿತು, ಬೈಕುಗಳಿಗೆ ಪಟಾಕಿ ಹೊಡೆಯುವ ಸೈಲೆನ್ಸರ್ ಮಾಡುವುದರಲ್ಲಿ ಜಿಲ್ಲೆಗೆಲ್ಲ ಹೆಸರಾದ. ಒಂದೊಂದರ ಮೇಲೂ ತನ್ನ ಹೆಸರು ಕೊರೆಯುತ್ತಿದ್ದ. ಆರು ವರ್ಷದ ಹಿಂದೆ ಅಂಥದೊಂದು ಬೈಕು ಅಣ್ಣನ ಚಕ್ಕಡಿಯ ಪಕ್ಕದಲ್ಲೇ ಢಮ್ಮೆಂದಿತು. ಎತ್ತು ಬೆದರಿ ಕಿತ್ತುಕೊಂಡು ಓಡಿದವು. ಕೆಳಗೆ ಬಿದ್ದ ಮೈಲಾರೆಪ್ಪನವರ ಬಲಗಾಲಿನ ಮೇಲೆ ಗಾಲಿ ಹಾಯಿತು.

"ದವಾಖಾನಿಗೆ ಓಡಿ ಹೋದ್ನಿ. ಅಣ್ಣ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. 'ಆ ಗಾಡಿ ಮ್ಯಾಲ ನಿನ್ನ ಹೆಸರಿತ್ತೋ' ಅಂದ. ಅಷ್ಟರೀ. ಅವತ್ತಿಂದ ಇವತ್ತಿನ ತನಕಾ ನನ್ನ ಕೂಡ ಒಂದ ಒಂದು ಮಾತಿಲ್ಲ."

ಮರುದಿನವೇ ಶೆಡ್ಡಿನಲ್ಲಿದ್ದ ಅಷ್ಟೂ ಸೈಲೆನ್ಸರುಗಳನ್ನು ತಾನೇ ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ಗುಜರಿಗೆ ಹಾಕಿದನಂತೆ. ನನ್ನ ಸಿಟ್ಟು ಆಗಲೇ ಎಲ್ಲಿಗೋ ಹೋಗಿತ್ತು. ಇದು ನನ್ನ ಬಾಳಿನಲ್ಲಿ ಅಪರೂಪ.

"ಈ ಗಾಡಿ ಮಾಡ್ತೇನ್ರಿ," ಅಂದ ತಿರಕಪ್ಪ. "ಎರಡು ಕರಾರು. ಮೊದಲ್ನೇದು, ಸಾವ್ಕಾರ್ರು ಆ ಪಟಾಕಿ ಕಂಪ್ಯೂಟರಿನಿಂದ ತಗಿಸಿಕೊಂಡು ಬರಬೇಕು. ಎರಡ್ನೇದು, ಕೆಲಸ ಮುಗದ ಮ್ಯಾಲ ಮೇಡ್ಲೇರಿಗೆ ಹೋಗಿ ನಮ್ಮಣ್ಣನ ಎತ್ತಿನ ಬಾಜೂಕ ಗಾಡಿ ಹಾಯಸಬೇಕು. ಎತ್ತು ಬೆದರಿದ್ವು ಅಂದ್ರ ಅಲ್ಲೇ ಬಿಚ್ಚಿ ಹಳೇ ಕಂಪನಿ ಸೈಲೆನ್ಸರ್ ಹಾಕಿಕೊಡ್ತೇನಿ. ಬೆದರಲಿಲ್ಲ ಅಂದ್ರ... ಅವ ಒಮ್ಮೆ ಕೇಳಿದ್ರ ಸಾಕ್ರಿ. ಕೆಡಿಸಿದ ಕೈಗೆ ತಿದ್ದಾಕೂ ಬರತೈತಿ ಅಂತ ಅವನ ಕಿವಿಗೆ ಬೀಳಬೇಕು."

ಪಟಾಕಿ ಹೋಗುತ್ತದೆಂದು ಕೇಳಿ ನಮ್ಮವರ ಮುಖ ಸಣ್ಣಗಾಯಿತು. ಆದರೂ ಮರುಮಾತಾಡದೆ ಹುಬ್ಬಳ್ಳಿಗೆ ಹೋಗಿ ತೆಗೆಸಿಕೊಂಡು ಬಂದರು. ನನ್ನ ಗಂಡ ಹುಚ್ಚರೇ ಹೊರತು ಕಲ್ಲಲ್ಲ.

ಕೆಲಸ ನೋಡಲು ರಜೆ ಹಾಕಿ ಹೋದೆ. ಮೊದಲು ತಿರಕಪ್ಪ ತೊಡಕು ಏನೆಂದು ಬಿಡಿಸಿ ಹೇಳಿದ. ಬೇರೆ ಗಾಡಿಯಾದರೆ ಸೈಲೆನ್ಸರಿನೊಳಗೆ ಹತ್ತಿ ತುರುಕಿದಂತೆ ಏನಾದರೂ ತುರುಕಿ ಸದ್ದು ಇಳಿಸಬಹುದು. "ಇದರ ಗಂಟಲಾಗ ಒಂದು ಫಂಕಾ ಕುಂತೈತ್ರಿ, ಅದ ಟರ್ಬೊ. ಹೋಗೂ ಹೊಗಿ ಅದನ್ನ ತಿರುಗಿಸಿಕೋಂತ ಹೋಗತೈತಿ, ಅದು ತಿರುಗಿ ಇಂಜಿನ್ನಿಗೆ ಗಾಳಿ ತುಂಬತೈತಿ. ಹೊಗಿ ದಾರಿ ಕಟ್ಟಿದ್ರ ಗಾಡಿಗೆ ದಮ್ಮು ಹತ್ತತೈತಿ. ದಾರಿ ಬಿಟ್ಟ ಇರಬೇಕು, ಕೆಟ್ಟ ಸದ್ದಷ್ಟ ಸಾಯಬೇಕು."

ನಮ್ಮವರು ಹಾವೇರಿ ಹೆದ್ದಾರಿಗೆ ಗಾಡಿ ಓಡಿಸಿದರು. ತಿರಕಪ್ಪ ಹಿಂದಿನ ಚೋಟುದ್ದ ಸೀಟಿನಲ್ಲಿ ಮುದುಡಿ ಮಲಗಿ, ಅಂಗೈಯನ್ನು ಕಾರಿನ ನೆಲಕ್ಕೆ ಒತ್ತಿಕೊಂಡ. ಎಂಬತ್ತಕ್ಕೆ ಕೊರೆತ ಶುರುವಾಯಿತು. ಅವನು ಬಾಯಿಮುಚ್ಚಿ ಮೂಗಿನಿಂದ ಅದೇ ದನಿಗೆ ಗುಂ ಎನ್ನತೊಡಗಿದ. ನಮ್ಮವರು ಗಾಡಿ ತಿರುಗಿಸಿದರು, ನಿಧಾನ ಮಾಡಿದರು, ಕೊರೆತ ನಿಂತಿತು. ಅವನ ಗುಂ ನಿಲ್ಲಲಿಲ್ಲ. ಉಸಿರು ತೆಗೆದುಕೊಳ್ಳುವುದು, ಮತ್ತೆ ಅದೇ ಗುಂ. ರಾಣೆಬೆನ್ನೂರು ಬಂತು, ಶೆಡ್ಡಿನ ಬಾಗಿಲಲ್ಲಿ ಯಾರೋ ಟ್ರ್ಯಾಕ್ಟರಿನವರು "ಏನ್ ತಿರಕಪ್ಪಾ, ಆರಾಮ?" ಅಂದರು. ಅವನು ಕೈಮುಗಿದು ಗುಂ ಎನ್ನುತ್ತಲೇ ಒಳಗೆ ಹೋದ.

ಒಳಗೆ ನಾಲ್ಕಡಿಯ ಒಂದು ಕೊಳವೆ ಇತ್ತು. ಅದರ ಒಂದು ಬಾಯಿಂದ, ಸರಳಿನ ತುದಿಗೆ ಬೆಸೆದ ಕಬ್ಬಿಣದ ಬಿಲ್ಲೆಯೊಂದನ್ನು ಒಳಗೆ ತೂರಿಸಿದ. ಇನ್ನೊಂದು ಬಾಯಿಗೆ ಮುಖವಿಟ್ಟು ಗುಂ ಎನ್ನುತ್ತ ಬಿಲ್ಲೆಯನ್ನು ಇಷ್ಟಿಷ್ಟೇ ಹಿಂದಕ್ಕೆಳೆದ. ಎರಡಡಿ ಹತ್ತಿಂಚಿಗೆ ಬಂದಾಗ ಕೊಳವೆಯೇ ಗುಂ ಎಂದಿತು. ಅವನ ದನಿಗಿಂತ ದೊಡ್ಡದಾಗಿ, ಶೆಡ್ಡಿನ ತಗಡು ನಡುಗುವಂತೆ ಎಂದಿತು.

ಅಯ್ಯೋ ದೇವರೇ! ಇಪ್ಪತ್ತೆರಡು ವರ್ಷ ಗಾಜಿನ ಕೊಳವೆ, ನೀರು, ಟ್ಯೂನಿಂಗ್ ಫೋರ್ಕ್ ಇಟ್ಟುಕೊಂಡು ಅನುರಣನದ, ಅಂದರೆ ರೆಸೊನೆನ್ಸಿನ, ಪ್ರಯೋಗ ಮಾಡಿಸಿದ್ದೇನೆ. ಹತ್ತು ಮಾರ್ಕ್ಸಿನ ಪ್ರಯೋಗ. ಅದು ಯಾತಕ್ಕಾದರೂ ಬರುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ಈ ಮನುಷ್ಯ ತನ್ನ ಮೂಗಿನಲ್ಲಿ ಮೂವತ್ತು ಕಿಲೋಮೀಟರು ಶ್ರುತಿ ಹೊತ್ತು ತಂದಿದ್ದ.

"ಯಾರು ಕಲಿಸಿದ್ರು ನಿಮಗ ಇದನ್ನ?"

"ಕುಮಾರಪಟ್ಟಣದ ಫ್ಯಾಕ್ಟರಿ ಕಡೆ ದೊಡ್ಡ ದೊಡ್ಡ ಗಾಳಿ ಕೊಳವಿ ವೆಲ್ಡಿಂಗ್ ಮಾಡ್ತಿದ್ನಿರಿ. ಅಲ್ಲಿ ಒಬ್ಬ ಮುದುಕ ಫಿಟ್ಟರ್ ಇದ್ದ. ಕೊಳವಿ ಅಳ್ತಿದ್ರ ಅದರ ಬಗಲಾಗ ಬಾಯಿ ಮುಚ್ಚಿದ ಕೊಳವಿ ಹಚ್ಚು, ಅದು ಅಳು ನುಂಗತೈತಿ ಅಂತಿದ್ದ."

ಹಾಗೆಯೇ ಮಾಡಿದ. ಹೊಗೆಯ ದಾರಿಗೆ ಕೈ ಹಚ್ಚದೆ, ಅದರ ಪಕ್ಕಕ್ಕೆ ತುದಿ ಮುಚ್ಚಿದ, ಎರಡಡಿ ಹತ್ತಿಂಚಿನ ಕೊಳವೆಯೊಂದನ್ನು ಬೆಸೆದ. ಸದ್ದು ಅದರೊಳಗೆ ಹೋಗಿ, ಗೋಡೆಗೆ ಬಡಿದು, ತಿರುಗಿ ಬಂದು ತನ್ನನ್ನೇ ಹೊಡೆದುಹಾಕುತ್ತದೆ. ಕಾರು ಹೊರಟಿತು. ಕೊರೆತ ಇಲ್ಲವೇ ಇಲ್ಲ! ನಮ್ಮವರು ಹೋ ಎಂದರು. ಹತ್ತು ನಿಮಿಷ ಓಡಿಸುವಷ್ಟರಲ್ಲಿ ಗುಂಯ್ ಎಂದು ಶನಿ ಮತ್ತೆ ಬಂದು ಕೂತಿತು.

ತಿರಕಪ್ಪನ ಮುಖ ಬಿಳುಚಿತು. ಇಳಿದು ಕಾರಿನ ಕೆಳಗೆ ಮಲಗಿ ಬಹಳ ಹೊತ್ತು ಎದ್ದೇ ಬರಲಿಲ್ಲ. "ಇದನ್ನ ತಗೊಂಡು ಅಣ್ಣನ ಮುಂದ ಹೆಂಗ ಹೋಗ್ಲಿ," ಎಂದು ತನಗೆ ತಾನೇ ಅಂದದ್ದು ಕೇಳಿಸಿತು. ನಾನು ರಸ್ತೆ ಬದಿಗೆ ನಿಂತು ಕಾರಣ ಹುಡುಕುತ್ತಿದ್ದೆ, ಅಷ್ಟರಲ್ಲಿ ಅವನೇ ಚಂಗನೆ ಎದ್ದ.

"ಅಕ್ಕಾರ! ಕಾದ್ರ ಕೊಳವಿ ದನಿ ಏರತೈತಿ! ಸನಾದಿ ಊದೂ ಮಂದಿ ಮೊದಲ ಊದಿ ಊದಿ ಬಿಸಿ ಮಾಡ್ಕೊಂಡು ಆಮ್ಯಾಲ ಸುರು ಹಚ್ಚತಾರಲ್ಲ? ನಾ ತಣ್ಣನ ಕೊಳವಿಗೆ ಅಳತಿ ತಗದೇನಿ. ಇದು ಉದ್ದ ಆಗಬೇಕು."

ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ಸೂತ್ರ. ನನಗೆ ಹೊಳೆದಿರಲಿಲ್ಲ. ನಾಚಿಕೆಯಾಗಿ, ಮರ್ಯಾದೆ ಉಳಿಸಿಕೊಳ್ಳಲು ಮೊಬೈಲಿನಲ್ಲಿ ಲೆಕ್ಕ ಹಾಕಿ ಮೂರಡಿ ನಾಲ್ಕಿಂಚು ಎಂದೆ. ತಿರಕಪ್ಪ ಕೊಳವೆಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ, ಬಾಯಿ ಹತ್ತಿರ ತರಲಾಗದೆ ಒಂದು ಗೇಣು ದೂರದಿಂದ ಗುಂ ಎನ್ನುತ್ತ ಬಿಲ್ಲೆ ಎಳೆದ. ಉಳಿದರ್ಧ ಹುಬ್ಬೂ ಅಂದೇ ಸುಟ್ಟಿತು. ಸೀಮೆಸುಣ್ಣದ ಗೆರೆ ಬಿದ್ದದ್ದು ಮೂರಡಿ ಐದಿಂಚಿಗೆ. "ಮೊದಲ ಅಕ್ಕಾರ ಅಳತಿ ನೋಡೂಣು," ಎಂದು ನನ್ನ ಮರ್ಯಾದೆಗೆ ನನ್ನದನ್ನೇ ಮೊದಲು ಹಾಕಿ ಓಡಿಸಿದ. ಕೊರೆತ ಸ್ವಲ್ಪ ಉಳಿಯಿತು. ಅವನದಕ್ಕೆ ಸತ್ತೇಹೋಯಿತು.

ಅದು ಹೋದ ಮೇಲೆ ಉಳಿದ ದನಿಯನ್ನು ಹೇಗೆ ಹೇಳಲಿ? ಒಳಗೆ ಕೂತರೆ ಪಿಸುಮಾತು ಕೇಳಿಸುತ್ತದೆ. ಹೊರಗೆ ನಿಂತರೆ ತಂಬೂರಿಯ ದಪ್ಪ ತಂತಿ ಮೀಟಿದಂತೆ ಎದೆಯ ಕೆಳಗೆಲ್ಲೋ ತಾಗುತ್ತದೆ. ಸದ್ದು ಎಂದರೆ ಉರಿದು ಬೀಳುವ ನಾನು "ಇನ್ನೊಮ್ಮೆ ಚಾಲೂ ಮಾಡ್ರಿ" ಎಂದೆ. ನಮ್ಮವರ ಕಣ್ಣಲ್ಲಿ ನೀರೇ ಬಂತು.

ಮರುದಿನ ಬೆಳಿಗ್ಗೆ ಮೇಡ್ಲೇರಿಗೆ ಹೋದೆವು. ಹೊಲದ ದಾರಿಯಲ್ಲಿ ಮೆಕ್ಕೆಜೋಳದ ದಂಟು ತುಂಬಿದ ಚಕ್ಕಡಿ, ಹೂಡಿದ ಎರಡು ಬಿಳಿ ಎತ್ತು. ಪಕ್ಕದಲ್ಲಿ ಕೋಲೂರಿ ನಿಂತ ಮೈಲಾರೆಪ್ಪನವರು, ಅವರ ಹೆಂಡತಿ ಚೌಡವ್ವ. ತಿರಕಪ್ಪ ದೂರದ ಬೇವಿನ ಗಿಡದ ಕೆಳಗೇ ಇಳಿದುಕೊಂಡ. "ನೀವ ಕೇಳ್ರಿ ಅಕ್ಕಾರ. ನಾ ಹೋದ್ರ ಮಾರಿ ತಿರುವತಾನ."

ನಾನು ಎಲ್ಲವನ್ನೂ ಹೇಳಿದೆ. ಮೈಲಾರೆಪ್ಪನವರು ಕಾರನ್ನು ನೋಡಿದರು, ಗಿಡದ ಕಡೆ ನೋಡಲಿಲ್ಲ.

"ಹಾಯಸ್ರಿ. ನನ್ನನ್ನೇನ ಕೇಳ್ತೀರಿ, ಕೇಳೂವು ಎತ್ತು," ಎಂದು ಹಗ್ಗ ಬಿಗಿಹಿಡಿದು ನಿಂತರು.

ನಮ್ಮವರು ಬಂದರು. ಚಕ್ಕಡಿಯ ಸಮಕ್ಕೆ ಬಂದಾಗ ಎಕ್ಸಲರೇಟರ್ ಒತ್ತಿ ಬಿಡಬೇಕೆಂದು ತಿರಕಪ್ಪನ ಕಟ್ಟಪ್ಪಣೆ. ಅಂದು ಬೈಕು ಢಮ್ಮೆಂದದ್ದು ಹಾಗೆ ಬಿಟ್ಟಾಗಲೇ. ಒತ್ತಿದರು, ಬಿಟ್ಟರು. ದನಿ ತುಂಬಿ ಬಂದು, ಹಾಗೇ ಇಳಿದುಹೋಯಿತು. ಎಡಗಡೆಯ ಎತ್ತು ಒಮ್ಮೆ ಕಿವಿ ತಿರುಗಿಸಿತು, ಮತ್ತೆ ಮೆಲುಕು ಹಾಕಿತು.

ಮೈಲಾರೆಪ್ಪನವರು ಕೋಲನ್ನು ನೆಲಕ್ಕೆ ಹಾಕಿ, ಗಾಲಿ ಹಿಡಿದು, ಕುಂಟುಗಾಲು ಎಳೆದುಕೊಂಡು ಚಕ್ಕಡಿ ಹತ್ತತೊಡಗಿದರು. ಚೌಡವ್ವ ಚೀರಿದಳು: "ಏನ್ ಮಾಡಾಕತ್ತೀರಿ! ಆರು ವರ್ಷ ಆತು ಇದನ್ನ ಹತ್ತದ!" ಅವರು ನೊಗದ ಹಿಂದೆ, ಅಂದು ಎಲ್ಲಿಂದ ಬಿದ್ದಿದ್ದರೋ ಅಲ್ಲೇ ಕೂತರು. ಕೈಯಲ್ಲಿ ಹಗ್ಗ ಕೂಡ ಇರಲಿಲ್ಲ. ಎದುರಿನ ದಾರಿಯನ್ನೇ ನೋಡುತ್ತ ಗಟ್ಟಿಯಾಗಿ ಕೂಗಿದರು.

"ಲೇ ತಿರಕಾ! ಬಂದು ಹಗ್ಗ ಹಿಡಿ. ಗಾಡಿ ಇನ್ನೊಮ್ಮೆ ಬರಲಿ."

ತಿರಕಪ್ಪ ಓಡಿ ಬಂದ, ಚಪ್ಪಲಿ ಗಿಡದ ಕೆಳಗೇ ಉಳಿದವು. ಎತ್ತುಗಳ ಮುಂದೆ ನಿಂತು ಎರಡೂ ಹಗ್ಗ ಹಿಡಿದುಕೊಂಡ. ಅಣ್ಣನ ಜೀವ ತನ್ನ ಬೆಸುಗೆಯ ಮೇಲೆ ಕೂತಿದೆ ಎಂದು ಅವನಿಗೆ ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು. ಕಾರು ತಿರುಗಿ ಬಂತು, ಈ ಸಲ ಇನ್ನೂ ಹತ್ತಿರದಿಂದ; ದನಿ ನೆಲದಿಂದ ನನ್ನ ಕಾಲಿಗೆ ಹತ್ತಿತು. ಎತ್ತಿನ ಕೊರಳ ಗಂಟೆಗಳು ಗಲಗಲ ಎಂದವು. ಬೆದರಿದವು ಎಂದುಕೊಂಡೆ.

ಎತ್ತು ಬೆದರಿರಲಿಲ್ಲ. ಎರಡೂ ಕಲ್ಲಿನಂತೆ ನಿಂತಿದ್ದವು. ಹಗ್ಗ ಹಿಡಿದ ತಿರಕಪ್ಪನ ಕೈ ನಡುಗಿ ಗಂಟೆ ಬಾರಿಸುತ್ತಿದ್ದವು. ಕಾರು ಹೋಗಿ ದೂರವಾದರೂ ಅವು ನಿಲ್ಲಲಿಲ್ಲ.

ಮೈಲಾರೆಪ್ಪನವರು ಚಕ್ಕಡಿಯ ಮೇಲಿಂದ ಬಗ್ಗಿ ತಮ್ಮನನ್ನು ನೋಡಿದರು.

"ಎತ್ತು ಸುಮ್ಮನ ನಿಂತಾವು, ನೀ ಯಾಕೋ ನಡಗಾಕತ್ತೀ? ಹಗ್ಗ ಬಿಡು. ಬಾ, ಮ್ಯಾಲ ಹತ್ತು."