ಮೇಲಿನ ಮನೆಯ ಆಂಟಿಯ ಗಾಳ

ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮೈಸೂರಿನ ಆಂಟಿ ಮೊಟ್ಟೆಯನ್ನೂ ಮುಟ್ಟದವರು. ಆದರೂ ಭಾನುವಾರ ಬೆಳಿಗ್ಗೆ ಗಾಳ ಹಿಡಿದು ಜಲಾಶಯಕ್ಕೆ ಹೊರಟುಬಿಡುತ್ತಿದ್ದರು. ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನುಗಳಿಗೆ ತಾವೇ ಉಗುರುಬಣ್ಣ ಬಳಿಯುತ್ತಿದ್ದರು. ಮಳೆಗಾಲದ ಕದಡಿದ ನೀರಿಗೆ ಕೆಂಪು, ಬಿಸಿಲ ದಿನಗಳಿಗೆ ಬೆಳ್ಳಿ. "ಅವಸರ ಬೇಡ, ಮೀನು ನೋಡ್ತಾ ಇದೆ" ಎನ್ನುವುದು ಅವರ ಮಾತು.

ಬಾಲ ಹರಿದ ದೊಡ್ಡ ಪೀಕಾಕ್ ಬಾಸ್ ಮೀನೊಂದು ಎರಡು ವರ್ಷದಿಂದ ಅವರಿಗೆ ಸಿಗದೆ ಆಟವಾಡಿಸುತ್ತಿತ್ತು. ಡಿಸೆಂಬರ್‌ನ ಒಂದು ಜಿಟಿಜಿಟಿ ಮಳೆಯಲ್ಲಿ ನಾನೂ ಜೊತೆಗಿದ್ದಾಗ ಅದು ಕಚ್ಚಿತು. ಆಂಟಿ ಚಪ್ಪಲಿ ಕಳಚಿ, ಕಾಲೂರಿ ನಿಂತು ಎಳೆದರು. ಕೊಕ್ಕೆ ಬಿಡಿಸಿ, "ಕೊನೆಗೂ ಬಂದ್ಯಾ?" ಎಂದು ಮೀನನ್ನೇ ಕೇಳಿ, ಮೆಲ್ಲಗೆ ನೀರಿಗೆ ಬಿಟ್ಟರು.

ಫೋಟೊ ತೆಗೆಯಲು ಮರೆತಿದ್ದೆ. "ಸಾರಿ ಆಂಟಿ, ಈಗ ಯಾರೂ ನಂಬಲ್ಲ," ಎಂದೆ.

"ಒಳ್ಳೇದೇ ಆಯ್ತು ಬಿಡು," ಎಂದು ನಕ್ಕರು. "ಹೇಳೋವಾಗ ಇನ್ನೂ ಸ್ವಲ್ಪ ದೊಡ್ಡದು ಮಾಡಬಹುದು."